ನಮ್ಮೂರ ನಕ್ಷೇಲಿ ಕುರುಕ್ಷೇತ್ರಕ್ಕೂ ಒಂದು ಜಾಗ ಬೇಕು

📍 ಸಾತನೂರು

1/6
ಮೊದಲನೇ ಫೋಟೋ ನೋಡಿ. ಖಾಲಿ ಜಾಗ, ಒಂದು ಹುಣಸೆ ಮರ, ಸಾಲಾಗಿ ನೆಟ್ಟಿರೋ ಸೈಟ್ ಕಲ್ಲು. ವಿಶೇಷ ಏನೂ ಕಾಣಲ್ಲ ಅಲ್ವಾ? ನಮ್ಮ ತಾತ ಭೀಮನ ಗದೆ ಹಿಡ್ಕೊಂಡು ನಿಂತಿದ್ದು ಇಲ್ಲೇ. ನಾನು ಚಿಕ್ಕವನಿದ್ದಾಗ ಚಾಪೆ ಮೇಲೆ ಮಲಗಿ, ಅರ್ಧ ನಿದ್ದೇಲಿ ಕುರುಕ್ಷೇತ್ರ ನೋಡಿದ್ದೂ ಇಲ್ಲೇ. ಈ ಸಲ ಹಬ್ಬಕ್ಕೆ ನಾಟಕ ಎಲ್ಲಿ ಆಡ್ಸೋದು ಅಂತ ಕೇಳಿದ್ರೆ ಯಾರ ಹತ್ರನೂ ಉತ್ತರ ಇರಲಿಲ್ಲ. ನಾಟಕಕ್ಕೆ ಜನ ಇದ್ದಾರೆ, ಮೇಷ್ಟ್ರು ಇದ್ದಾರೆ. ಜಾಗ ಇಲ್ಲ.

2/6
ಸಿಟಿ ಫ್ರೆಂಡ್ಸ್‌ಗೆ ಒಂದು ವಿಷಯ ಹೇಳ್ಬೇಕು. ನಮ್ಮ ಕಡೆ ಪೌರಾಣಿಕ ನಾಟಕದಲ್ಲಿ ಪಾತ್ರ ಮಾಡೋರಿಗೆ ಸಂಬಳ ಇಲ್ಲ. ಅವರೇ ದುಡ್ಡು ಹಾಕಿ ಪಾತ್ರ ತಗೋತಾರೆ. ಕೃಷ್ಣ, ದುರ್ಯೋಧನ ಅಂದ್ರೆ ಜಾಸ್ತಿ, ಸಣ್ಣ ಪಾತ್ರಕ್ಕೆ ಕಮ್ಮಿ. ಹಗಲೆಲ್ಲ ಹೊಲ, ರೇಷ್ಮೆ, ಹಸು ಅಂತ ದುಡಿದು, ರಾತ್ರಿ ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಹಾಡು ಕಲೀತಾರೆ. ಆ ದುಡ್ಡು ಸೀನ್ಸ್‌ನವರಿಗೆ, ಮೈಕ್‌ನವರಿಗೆ, ಬಣ್ಣ ಹಚ್ಚೋರಿಗೆ, ತಬಲಾದವರಿಗೆ, ಹೆಣ್ಣು ಪಾತ್ರಕ್ಕೆ ಹೊರಗಿಂದ ಬರೋ ಕಲಾವಿದೆಯರಿಗೆ ಹೋಗುತ್ತೆ. ರಾತ್ರಿಯೆಲ್ಲ ಟೀ, ಬೋಂಡ, ಕಡ್ಲೆಕಾಯಿ ವ್ಯಾಪಾರ ಬೇರೆ. ಇದನ್ನ ಬರೀ "ಮನರಂಜನೆ" ಅಂತ ಬದಿಗಿಡೋಕೆ ಆಗುತ್ತಾ? ಇದೂ ಒಂದು ದುಡಿಮೆ ಅಲ್ವಾ?

3/6
ಈಗ ಮುಖ್ಯ ವಿಷಯ. 2006ರಲ್ಲಿ ಬೆಂಗಳೂರಿನ ಸುತ್ತ ಐದು ಉಪನಗರ ಕಟ್ತೀವಿ ಅಂತ ಸರ್ಕಾರ ಹೇಳಿತ್ತು: ಬಿಡದಿ, ರಾಮನಗರ, ಸೋಲೂರು, ನಂದಗುಡಿ ಮತ್ತು ನಮ್ಮ ಸಾತನೂರು! ಆಗ ಅದು ಕಾಗದದಲ್ಲೇ ಉಳೀತು. ಆದ್ರೆ ಬಿಡದಿ ಯೋಜನೆ ಈಗ ಮತ್ತೆ ಎದ್ದಿದೆ, ಜಮೀನು ಕೊಡಲ್ಲ ಅಂತ ಅಲ್ಲಿನ ರೈತರು ಹೋರಾಟ ಮಾಡ್ತಿದ್ದಾರೆ. 2025ರಲ್ಲಿ ನಮ್ಮ ಜಿಲ್ಲೆ ಹೆಸರೇ ಬೆಂಗಳೂರು ದಕ್ಷಿಣ ಆಯ್ತು. ಅಂದ್ರೆ ಬೆಂಗಳೂರು ಬರ್ತಾ ಇದೆ. ಹೇಗೆ ಬರಬೇಕು ಅಂತ ನಾವು ಈಗ ಹೇಳದೇ ಇದ್ರೆ ಇನ್ಯಾವಾಗ ಹೇಳೋದು?

4/6
ನಾಲ್ಕನೇ ಫೋಟೋ ಚನ್ನಪಟ್ಟಣದ ಹಳೇ ಹೈವೇದು. ಆಲೆ ಮರ, ಅರಗಿನ ಬಣ್ಣ, ಜಿಐ ಟ್ಯಾಗ್ ಇರೋ ಬೊಂಬೆ, ಇವೆಲ್ಲ ನಿಮಗೆ ಗೊತ್ತು. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತು. ಕಾರುಗಳು ರಾಮನಗರ, ಚನ್ನಪಟ್ಟಣದ ಒಳಗೆ ಬರದೆ ಬೈಪಾಸಲ್ಲಿ ಹೋಗೋಕೆ ಶುರುವಾದ್ವು. ಹಳೇ ರೋಡಲ್ಲಿದ್ದ ಬೊಂಬೆ ಅಂಗಡಿಗಳ ವ್ಯಾಪಾರ ಕಮ್ಮಿಯಾಯ್ತು. ರೋಡ್ ಬೇಡ ಅಂತ ನಾನು ಹೇಳ್ತಿಲ್ಲ, ನಾನೂ ಅದರಲ್ಲೇ ಓಡಾಡ್ತೀನಿ. ಆದ್ರೆ ಬೈಪಾಸಿನ ಗೆರೆ ಎಳೆಯೋ ದಿನವೇ "ಬೊಂಬೆಯವರು ಎಲ್ಲಿ ಮಾರ್ತಾರೆ?" ಅನ್ನೋ ಪ್ರಶ್ನೆಗೂ ಉತ್ತರ ಬರೆದಿಡಬೇಕಿತ್ತು. ರೋಡ್ ಆದ್ಮೇಲೆ ಕೇಳಿದ್ರೆ ಅದು ಪರಿಹಾರ ಕೇಳೋ ಅರ್ಜಿ ಆಗುತ್ತೆ ಅಷ್ಟೇ.

5/6
"ನಮ್ಮಲ್ಲಿ ಜಾನಪದ ಲೋಕ ಇದೆಯಲ್ಲ" ಅಂತೀರಾ? ಇದೆ, ಹೆಮ್ಮೆ ಪಡೋಣ. 1994ರಲ್ಲಿ ಶುರುವಾದ ಆ ಜಾಗ ಎಚ್.ಎಲ್. ನಾಗೇಗೌಡರ ಹಠದಿಂದ ಆಗಿದ್ದು. ಹೆಗ್ಗೋಡಿನ ನೀನಾಸಂ 1949ರಲ್ಲಿ ಒಂದು ಹಳ್ಳಿಯ ಜನ ಸೇರಿ ಕಟ್ಟಿದ್ದು. ಜೆ.ಪಿ. ನಗರದ ರಂಗಶಂಕರ 2004ರಲ್ಲಿ ತೆರೀತು, ಅದರ ಹಿಂದೆ ಅರುಂಧತಿ ನಾಗ್ ಅವರ ವರ್ಷಗಟ್ಟಲೆ ಓಡಾಟ ಇದೆ. ನೋಡಿದ್ರಾ? ಎಲ್ಲ ಕಡೆ ಯಾರೋ ಕೆಲವರ ಹಠ. ಅಂಥವರು ಪ್ರತಿ ಊರಲ್ಲೂ ಹುಟ್ಟಲ್ಲ. ಹುಟ್ಟದ ಊರಿಗೂ ರಂಗಮಂಟಪ ಬೇಕು ಅಂದ್ರೆ ಅದು ಯೋಜನೇಲೇ ಇರಬೇಕು.

ಕಾನೂನು ಅಡ್ಡ ಬರುತ್ತಾ? ಇಲ್ಲ. ಬಡಾವಣೆ ಮಾಡುವಾಗ ಪಾರ್ಕಿಗೆ, ಸಿಎ ಸೈಟಿಗೆ ಜಾಗ ಬಿಡಲೇಬೇಕು. 1976ರ ಬಿಡಿಎ ಕಾಯ್ದೇಲಿ ನಾಗರಿಕ ಸೌಲಭ್ಯದ ಪಟ್ಟಿಯೊಳಗೆ ಅಂಚೆ ಕಚೇರಿ, ಬಸ್ ನಿಲ್ದಾಣದ ಜೊತೆಗೆ ಸಾಂಸ್ಕೃತಿಕ ಚಟುವಟಿಕೆಯ ಕೇಂದ್ರವೂ ಬರುತ್ತೆ. ಕೇಳೋರು ಇಲ್ಲ ಅಷ್ಟೇ.

6/6
ಕ್ಲಾಸಲ್ಲಿ ಇದನ್ನ ಹೇಳಿದಾಗ ಒಬ್ಬ ಗೆಳೆಯ ಅಂದ: "ಮೊದ್ಲು ಚರಂಡಿ ಮಾಡ್ಲಿ ಗುರು, ಆಮೇಲೆ ನಾಟಕ." ಅವನ ಮಾತು ಸುಳ್ಳಲ್ಲ. ನೀರು, ಆಸ್ಪತ್ರೆ, ಬಸ್ಸು ಮೊದಲು ಬೇಕು. ಆದ್ರೆ ಚರಂಡಿಯನ್ನ ಐದು ವರ್ಷ ಬಿಟ್ಟಾದ್ರೂ ಮಾಡಬಹುದು. ಮಾರಿಹೋದ ಜಾಗ ವಾಪಸ್ ಬರಲ್ಲ. ಇವತ್ತು ನಕ್ಷೇಲಿ ಒಂದು ಗೆರೆ ಎಳೆಯೋಕೆ ಖರ್ಚು ಕಮ್ಮಿ. ಹತ್ತು ವರ್ಷ ಆದ್ಮೇಲೆ ಅದೇ ಜಾಗ ಕೊಳ್ಳೋಕೆ ಪಂಚಾಯ್ತಿ ಹತ್ರ ದುಡ್ಡಿರಲ್ಲ.

ಹಾಗಾಗಿ ಮೂರೇ ಕೇಳೋಣ:
👉 ಹೋಬಳಿಗೊಂದು ಬಯಲು ರಂಗದ ಜಾಗ. ಸರ್ವೆ ನಂಬರ್ ಸಮೇತ ದಾಖಲೇಲಿ ಇರಲಿ. ಪೂಜಾ ಕುಣಿತ, ತಮಟೆ, ನಾಟಕ ಎಲ್ಲಕ್ಕೂ ಆಗುತ್ತೆ.
👉 ಅಲ್ಲಿ ಕರೆಂಟು, ಶೌಚಾಲಯ, ಬಾಗಿಲಿರೋ ಒಂದು ರೂಮು. ದ್ರೌಪದಿ ಪಾತ್ರದ ಅಕ್ಕ ಟಾರ್ಪಾಲ್ ಮರೇಲಿ ಸೀರೆ ಬದಲಾಯಿಸೋದನ್ನ ನಾನೇ ನೋಡಿದ್ದೀನಿ. ನಾಚಿಕೆ ಆಗ್ಬೇಕಾಗಿರೋದು ನಮಗೆ.
👉 ಯೋಜನೆ ಮಾಡೋ ಸಭೇಲಿ ಕಲಾವಿದರಿಗೂ ಒಂದು ಕುರ್ಚಿ.

ಎಲ್ಲಿ ಕೇಳೋದು? 18 ತುಂಬಿ ವೋಟರ್ ಲಿಸ್ಟಲ್ಲಿ ಹೆಸರಿದ್ರೆ ಗ್ರಾಮಸಭೇಲಿ. ತುಂಬಿಲ್ಲ ಅಂದ್ರೆ ಮಕ್ಕಳ ಗ್ರಾಮಸಭೇಲಿ. ಮಾಸ್ಟರ್ ಪ್ಲಾನ್ ಕರಡು ಬಂದಾಗ ಸಾರ್ವಜನಿಕರ ಆಕ್ಷೇಪಣೆ, ಸಲಹೆ ಕರೀತಾರೆ, ಆಗ ಬರೆದು ಕೊಡಿ. ಒಂದು ಹಾಳೆ ಸಾಕು, ಸ್ವೀಕೃತಿ ಮಾತ್ರ ಮರೀದೆ ತಗೊಳ್ಳಿ.

ತಾತನಿಗೆ ಈಗ ಗದೆ ಎತ್ತೋಕೆ ಆಗಲ್ಲ. ಆದ್ರೆ ಮೊನ್ನೆ "ಈ ವರ್ಷ ನಾಟಕ ಎಲ್ಲಿ ಮಗ?" ಅಂತ ಕೇಳಿದ್ರು. ನಾನು ಸುಮ್ಮನಾದೆ.

ನಿಮ್ಮೂರಲ್ಲಿ ನಾಟಕ ಆಡ್ತಿದ್ದ ಜಾಗ ಈಗ ಏನಾಗಿದೆ? ಕಾಮೆಂಟಲ್ಲಿ ಊರ ಹೆಸರು ಸಮೇತ ಬರೀರಿ. ಪಟ್ಟಿ ಮಾಡೋಣ, ಗ್ರಾಮಸಭೆಗೆ ಆ ಪಟ್ಟಿ ಹಿಡ್ಕೊಂಡೇ ಹೋಗೋಣ. 🙏

#ಸಾತನೂರು #ಕನಕಪುರ #ನಮ್ಮೂರನಾಟಕ #ನಕ್ಷೇಲಿಜಾಗಕೊಡಿ