ತೀವ್ರ ನಿಗಾ ಘಟಕದಲ್ಲಿ ಅನ್ನವೂ ಔಷಧವೇ

ಬಿಳಿಜೋಳದ ರೊಟ್ಟಿ, ತೊಗರಿಬೇಳೆಯ ಸಾರು, ಕಮಲಾಪುರದ ಕೆಂಪು ಬಾಳೆ: ಇವು ನಮ್ಮ ಭಾಗದ ಅನ್ನ. ಹಿರಿಯರು ಆಸ್ಪತ್ರೆ ಸೇರಿದರೆ ಬಂಧುಗಳು ಹಣ್ಣು, ಗಂಜಿ ಹೊತ್ತು ಕಮಲಾಪುರದಿಂದ ಕಲಬುರಗಿಗೆ ಬರುವುದು ವಾಡಿಕೆ. ಈಚೆಗೆ ಈ ವಾತ್ಸಲ್ಯಕ್ಕೆ ಹೊಸ ರೂಪವೊಂದು ಬಂದಿದೆ. ಮೊಬೈಲಿನಲ್ಲಿ ‘ಕೀಟೋ’ ಆಹಾರದ ಮಹಿಮೆ ಕೇಳಿದ ಮಗನೊಬ್ಬ ಸೂಪರ್ ಮಾರ್ಕೆಟ್‌ನಲ್ಲಿ ತುಪ್ಪ, ಕೊಬ್ಬರಿ ಎಣ್ಣೆ ಕೊಂಡು ತಂದು, “ನಮ್ಮಪ್ಪಗ ಇದನ್ನ ನಳಿಗ್ಯಾಗ ಹಾಕ್ರಿ, ಸಿಸ್ಟರ್” ಎಂದು ಬೇಡಿಕೊಂಡುದನ್ನು ಕಂಡಿದ್ದೇನೆ. ಅವನ ಪ್ರೀತಿ ದೊಡ್ಡದು; ಆದರೆ ಬೇಡಿಕೆ ಅಪಾಯಕರವಾದುದು.

ಕೀಟೋ ಆಹಾರ ನಿನ್ನೆ ಮೊನ್ನೆಯದಲ್ಲ. 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ವೈದ್ಯ ರಸೆಲ್ ವೈಲ್ಡರ್ ಅದನ್ನು ಅಪಸ್ಮಾರದ ಚಿಕಿತ್ಸೆಗಾಗಿ ಸೂಚಿಸಿದರು. ಅದರ ಕಟ್ಟುನಿಟ್ಟಾದ ಕ್ರಮದಲ್ಲಿ ಪಿಷ್ಟ ಮತ್ತು ಪ್ರೋಟೀನು ಸೇರಿ 1 ಗ್ರಾಂ ಇದ್ದರೆ ಕೊಬ್ಬು 4 ಗ್ರಾಂ ಇರುತ್ತದೆ. ಅಂದರೆ ದೇಹಕ್ಕೆ ದೊರೆಯುವ ಶಕ್ತಿಯಲ್ಲಿ ಶೇ. 90ರಷ್ಟು ಕೊಬ್ಬಿನಿಂದಲೇ. ಆಗ ಯಕೃತ್ತು ಕೊಬ್ಬನ್ನು ಕೀಟೋನುಗಳಾಗಿ ಮಾರ್ಪಡಿಸುತ್ತದೆ. ಸಕ್ಕರೆ ಸಾಲದಿದ್ದಾಗ ಮೆದುಳು ಇವನ್ನೇ ಉರುವಲಾಗಿ ಬಳಸುತ್ತದೆ. ಅರಿವಳಿಕೆ ಔಷಧಕ್ಕೂ ಬಗ್ಗದೆ ದಿನಗಟ್ಟಲೆ ಸೆಳೆತ ಮುಂದುವರಿದ ವಯಸ್ಕರಿಗೂ ತಜ್ಞರು ಇದನ್ನು ಮೂಗಿನ ನಳಿಕೆಯ ಮೂಲಕ ಕೊಡುವುದುಂಟು.

ಇತರ ತೀವ್ರ ಅಸ್ವಸ್ಥರ ಮಾತೇನು? ಸೋಂಕು, ಅಪಘಾತಗಳಿಂದ ಜರ್ಜರಿತವಾದ ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ, ಮಧುಮೇಹವಿಲ್ಲದವರಲ್ಲಿಯೂ ರಕ್ತದ ಸಕ್ಕರೆ ಏರುತ್ತದೆ, ಸ್ನಾಯು ಕರಗುತ್ತದೆ. ಇಂಥಲ್ಲಿ ಕೀಟೋನು ಬದಲಿ ಉರುವಲಾದೀತೇ ಎಂಬ ಪ್ರಶ್ನೆ ಸಮಂಜಸವೇ. ಆದರೆ ಸಮಂಜಸವೆನಿಸಿದ್ದೆಲ್ಲ ಹಿತವಾಗುವುದಿಲ್ಲ. ತೀವ್ರ ನಿಗಾದಲ್ಲಿ ಸಕ್ಕರೆಯನ್ನು ಬಿಗಿಯಾಗಿ ನಿಯಂತ್ರಿಸಿದರೆ ಜೀವ ಉಳಿಯುತ್ತದೆಂದು 2001ರಲ್ಲಿ ಬೆಲ್ಜಿಯಂನ ಅಧ್ಯಯನವೊಂದು ಆಸೆ ಹುಟ್ಟಿಸಿತು. 2009ರಲ್ಲಿ 6,104 ರೋಗಿಗಳನ್ನು ಒಳಗೊಂಡ ‘ನೈಸ್-ಶುಗರ್’ ಅಧ್ಯಯನದಲ್ಲಿ ಬಿಗಿ ನಿಯಂತ್ರಣದ ಗುಂಪಿನಲ್ಲಿಯೇ ಹೆಚ್ಚು ಸಾವುಗಳಾದುದು ಕಂಡಿತು. ಕೀಟೋ ಕುರಿತು ಇಷ್ಟು ದೊಡ್ಡ ಪರೀಕ್ಷೆಯ ಬಲವಿಲ್ಲದಿರುವಾಗ ಅದನ್ನು ಸರ್ವರೋಗಕ್ಕೂ ಮದ್ದೆನ್ನುವುದು ವಿವೇಕವಲ್ಲ.

ಅಪಾಯಗಳೂ ಸಣ್ಣವಲ್ಲ. ಇನ್ಸುಲಿನ್ ಕೊರತೆಯುಳ್ಳವರಲ್ಲಿ ಕೀಟೋನು ಮಿತಿಮೀರಿ ರಕ್ತ ಆಮ್ಲೀಯವಾಗಬಹುದು. ಎಂಪಾಗ್ಲಿಫ್ಲೋಜಿನ್, ಡಾಪಾಗ್ಲಿಫ್ಲೋಜಿನ್ ಮುಂತಾದ ಮಧುಮೇಹದ ಮಾತ್ರೆ ಸೇವಿಸುವವರಲ್ಲಿ, ಸಕ್ಕರೆ ಅಷ್ಟಾಗಿ ಏರದೆಯೂ ಹೀಗಾಗಬಹುದು. ಯಕೃತ್ತು ಸೋತವರಿಗೆ, ಮೇದೋಜೀರಕ ಗ್ರಂಥಿ ಉರಿಯುತ್ತಿರುವವರಿಗೆ ಕೊಬ್ಬಿನ ಭಾರ ಸಲ್ಲದು. ಪ್ರೊಪೊಫಾಲ್ ಎಂಬ ಅರಿವಳಿಕೆ ಔಷಧಕ್ಕೂ ಈ ಆಹಾರಕ್ಕೂ ಹೊಂದಾಣಿಕೆಯಿಲ್ಲ. ಇತ್ತ ಸೆಳೆತಕ್ಕಾಗಿ ವೈದ್ಯರೇ ಈ ಕ್ರಮವನ್ನು ಆರಂಭಿಸಿದ್ದರೆ, ಬಂಧುಗಳು ಕದ್ದು ಕೊಡುವ ಒಂದು ಬಾಳೆಹಣ್ಣಿನ ಗುಟುಕು ಇಡೀ ಚಿಕಿತ್ಸೆಯನ್ನು ಕೆಡಿಸಬಲ್ಲದು.

ಆದ್ದರಿಂದ ಭಕ್ತಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ನಳಿಕೆಯಲ್ಲಿ ಏನನ್ನೂ ಸ್ವಂತ ಇಚ್ಛೆಯಿಂದ ಹಾಕಬೇಡಿರಿ, ಹಾಕಿಸಬೇಡಿರಿ. ರೋಗಿಯು ಮನೆಯಲ್ಲಿ ಸೇವಿಸುತ್ತಿದ್ದ ಮಾತ್ರೆಗಳನ್ನು, ಎಷ್ಟು ದಿನಗಳಿಂದ ಉಂಡಿಲ್ಲವೆಂಬುದನ್ನು ಮುಚ್ಚಿಡದೆ ತಿಳಿಸಿರಿ. ಬಹುದಿನ ಹಸಿದ ದೇಹಕ್ಕೆ ಒಮ್ಮೆಲೇ ಹೆಚ್ಚು ಆಹಾರ ಕೊಟ್ಟರೂ ಆಪತ್ತೇ. “ಈಗ ಯಾವ ಆಹಾರ, ಎಷ್ಟು, ಏಕೆ?” ಎಂದು ವೈದ್ಯರನ್ನು ವಿನಯದಿಂದ ಕೇಳಿರಿ. ಕೇಳುವುದು ನಿಮ್ಮ ಹಕ್ಕು. ಉತ್ತರಿಸುವುದು ಅವರ ಕಾಯಕ.

ಪ್ರಸಾದವನ್ನು ನಾವು ಕಣವೂ ಕೆಡದಂತೆ, ಅರಿತು ಸ್ವೀಕರಿಸುತ್ತೇವೆ. ರೋಗಿಯ ಅನ್ನಕ್ಕೂ ಅದೇ ಎಚ್ಚರ ಬೇಕು. ಮಠದ ಪ್ರಸಾದ ಸದ್ಯಕ್ಕೆ ತಲೆದಿಂಬಿನ ಬಳಿಯಿರಲಿ. ವೈದ್ಯರು ಒಪ್ಪಿದ ದಿನ ಅದು ಬಾಯಿಗೆ ಸೇರಲಿ.