ಟೈರು ಅಳೆಯುವವರು ಹಳ್ಳ ನೋಡುವುದಿಲ್ಲ

ಮಳೆಗಾಲ ಶುರುವಾಯಿತೆಂದರೆ ಮಲೆನಾಡಿನಲ್ಲಿ ಜೀಪಿನ ಜಗಳವೂ ಶುರು. ಯಾವುದೋ ಹಳ್ಳದಲ್ಲಿ ಬಾನೆಟ್ಟಿನ ಮೇಲೆ ನೀರು ಹಾರಿಸಿಕೊಂಡು ಸಾಲಾಗಿ ಹೋಗುವ ಜೀಪುಗಳ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತದೆ. ಎರಡು ದಿನ ಕಳೆಯುವುದರೊಳಗೆ ಊರಿನವರು ರಸ್ತೆಗೆ ಅಡ್ಡ ನಿಲ್ಲುತ್ತಾರೆ, ಪರಿಸರದವರು ಮನವಿ ಕೊಡುತ್ತಾರೆ, ಅಧಿಕಾರಿಗಳು ಕಠಿಣ ಕ್ರಮ ಎನ್ನುತ್ತಾರೆ. ಆ ಕಠಿಣ ಕ್ರಮ ಕೊನೆಗೆ ಬಂದು ನಿಲ್ಲುವುದು ಹೆದ್ದಾರಿಯ ಬದಿಯಲ್ಲಿ, ಜೀಪು ನಿಲ್ಲಿಸಿ ಟೈರು, ಬಂಪರು ನೋಡುವಲ್ಲಿ. ದಪ್ಪ ಟೈರು ಹಾಕಿಸಿ ಆಸ್ಪತ್ರೆಗೆ ಹೊರಟವನಿಗೂ ದಂಡ ಬೀಳುತ್ತದೆ. ಷೋರೂಮಿನಿಂದ ಬಂದ ಹಾಗೇ ಇರುವ ಹೊಸ ಥಾರನ್ನು ಹಳ್ಳಕ್ಕಿಳಿಸಿ ಅರ್ಧ ಗಂಟೆ ಕಲಕಿ ಬಂದವನ ಕಾಗದ ಪತ್ರವೆಲ್ಲ ಸರಿಯಿದೆ, ಅವನು ಹೋಗಬಹುದು.

ಹಳೇ ಫೋರ್ ವೀಲ್ ಜೀಪೊಂದನ್ನು ಕೊಂಡು, ಕಾಡುದಾರಿಗೂ ಟೆಂಟಿನ ರಾತ್ರಿಗೂ ತಕ್ಕಂತೆ ತಿದ್ದಿ ಕಟ್ಟಿಸಿಕೊಳ್ಳುವುದು ಅಪರಾಧವಾಗಬಾರದು. ಅದನ್ನು ಹರಿಯುವ ಹಳ್ಳದೊಳಗೆ ಓಡಿಸುವುದು ಅಪರಾಧವಾಗಬೇಕು. ಈಗ ನಡೆಯುತ್ತಿರುವುದು ಇದರ ತಿರುವುಮುರುವು. ಇದನ್ನು ಹೇಳಿದರೆ ಜೀಪಿನ ಕ್ಲಬ್ಬಿನವರಿಗೂ ಸಿಟ್ಟು, ಜೀಪೇ ಬೇಡ ಎನ್ನುವವರಿಗೂ ಸಿಟ್ಟು ಎಂಬುದು ನನಗೆ ಗೊತ್ತು.

ಮೊದಲು ಕಾನೂನಿನ ಕಥೆ. ರಿಜಿಸ್ಟ್ರೇಷನ್ ಪುಸ್ತಕದಲ್ಲಿರುವ ವಿವರಕ್ಕೂ ತಯಾರಕರು ಮೂಲದಲ್ಲಿ ಕೊಟ್ಟದ್ದಕ್ಕೂ ವ್ಯತ್ಯಾಸ ಬರುವಂತೆ ಮಾಲೀಕ ಗಾಡಿಯನ್ನು ಬದಲಾಯಿಸಕೂಡದು ಎಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ಕೇರಳದಿಂದ ಬಂದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಗಟ್ಟಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಸೆಕ್ಷನ್ ಬಂತು: ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸಜೆ, ಅಥವಾ ಎರಡೂ. ಇದಕ್ಕೂ ಮೊದಲೇ, 2017ರ ಡಿಸೆಂಬರಿನಲ್ಲಿ, ಮುಂದಿನ ಬುಲ್ ಬಾರ್‌ಗಳನ್ನು ತೆಗೆಸಿ ಎಂದು ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆದಿತ್ತು. ಆ ಸೂಚನೆಗೆ ನನ್ನ ತಕರಾರಿಲ್ಲ. ದಾರಿಯಲ್ಲಿ ನಡೆದು ಹೋಗುವವನ ಸೊಂಟಕ್ಕೆ ತಾಗುವ ಕಬ್ಬಿಣದ ಪೈಪಿನಿಂದ ಮಾಲೀಕನ ಮೀಸೆಗಲ್ಲದೆ ಇನ್ಯಾವುದಕ್ಕೂ ಉಪಯೋಗವಿಲ್ಲ.

ಆದರೆ ಅದೇ 2019ರ ತಿದ್ದುಪಡಿ 52ನೇ ಸೆಕ್ಷನ್ನಿಗೆ ಇನ್ನೊಂದು ಮಾತನ್ನೂ ಸೇರಿಸಿತು. ಎಂಥ ಬದಲಾವಣೆ ಮಾಡಬಹುದು, ಯಾರು ಒಪ್ಪಿಗೆ ಕೊಡಬೇಕು, ಷರತ್ತೇನು ಎಂಬುದಕ್ಕೆ ಕೇಂದ್ರ ಸರ್ಕಾರ ನಿಯಮ ಮಾಡಬಹುದು. ಹಾಗೆ ಮಾಡಿದ ಬದಲಾವಣೆಯಿಂದ ತಯಾರಕರ ವಾರಂಟಿ ಕೂಡ ಬಿದ್ದುಹೋಗುವುದಿಲ್ಲ. ಗ್ಯಾಸ್ ಕಿಟ್ ಹಾಕಿಸಲು ದಾರಿಯಿದೆ. ಅಂಗವಿಕಲರು ತಮಗೆ ಬೇಕಾದಂತೆ ಗಾಡಿ ಮಾರ್ಪಡಿಸಿಕೊಂಡು ಆಮೇಲೆ ಆರ್‌ಟಿಒ ಒಪ್ಪಿಗೆ ಪಡೆಯಲೂ ದಾರಿಯಿದೆ, ಅದು ಇರಲೇಬೇಕು. ಎರಡು ಇಂಚು ಎತ್ತರಿಸಿದ ಜೀಪಿನವನು ಮಾತ್ರ ಒಪ್ಪಿಗೆ ಕೇಳಿಕೊಂಡು ಯಾವ ಕಿಟಕಿಯ ಮುಂದೆ ನಿಲ್ಲಬೇಕು? ದಂಡ ಹಾಕುವ ಸೆಕ್ಷನ್ ಮಾರನೇ ದಿನವೇ ಕೆಲಸ ಶುರು ಮಾಡಿತು. ಅವನಿಗೆ ಅನುಮತಿ ಕೊಡಬಹುದಾದ ಸೆಕ್ಷನ್ ಇನ್ನೂ ಕಣ್ಣುಬಿಟ್ಟಿಲ್ಲ.

ಮಲೆನಾಡಿನಲ್ಲಿ ಮೈ ಮುಟ್ಟದ ಜೀಪು ಎಂಬುದು ಯಾವತ್ತಾದರೂ ಇತ್ತೇ? ಮಹೀಂದ್ರದವರು 1940ರ ದಶಕದ ಕೊನೆಯಲ್ಲಿ ವಿಲ್ಲೀಸ್ ಜೀಪು ಜೋಡಿಸತೊಡಗಿದ ಮೇಲೆ ಕಾಫಿ ತೋಟಗಳಿಗೆ ಬಂದ ಜೀಪುಗಳಲ್ಲಿ ಎಷ್ಟೋ ಜೀಪುಗಳ ಪೆಟ್ರೋಲ್ ಇಂಜಿನ್ ಇಳಿಸಿ ಡೀಸೆಲ್ ಇಂಜಿನ್ ಕೂರಿಸಿದ್ದು ಊರಿನ ಮೇಸ್ತ್ರಿಗಳೇ. ಹಿಂದೆ ಬೆಂಚು ಹಾಕಿಸಿದರು, ಟಾರ್ಪಾಲಿನ ಜಾಗಕ್ಕೆ ತಗಡಿನ ಟಾಪ್ ಕಟ್ಟಿಸಿದರು, ಅಡಿಕೆ ಮೂಟೆ ಕಟ್ಟಲು ಕೊಕ್ಕೆ ಬೆಸೆಸಿದರು. ಸೈನ್ಯದ ಹರಾಜಿನ ಗಾಡಿಗಳು ಹರಿಯಾಣದ ದಬ್ವಾಲಿಯಂಥ ಊರುಗಳಲ್ಲಿ ಹೊಸ ಮೈ ತೊಟ್ಟು ದೇಶದ ತುಂಬ ಹರಡಿದವು. ಕೊಡಚಾದ್ರಿಗೆ, ಮಾಂದಲಪಟ್ಟಿಗೆ ಜನ ಹೊತ್ತು ಏರುವ ಬಾಡಿಗೆ ಜೀಪುಗಳನ್ನು ಒಮ್ಮೆ ಸುತ್ತಿ ಬನ್ನಿ. ಕಂಪನಿಯಿಂದ ಬಂದಂತೆಯೇ ಇರುವ ಒಂದನ್ನು ಹುಡುಕಿ ತೋರಿಸಿದರೆ ನಿಮಗೆ ನನ್ನ ಲೆಕ್ಕದಲ್ಲಿ ಕಾಫಿ. ಕಾಯ್ದೆಯನ್ನು ಅಕ್ಷರಶಃ ಜಾರಿ ಮಾಡಿದರೆ ಮೊದಲು ಒಲೆ ಆರುವುದು ಆ ಚಾಲಕರ ಮನೆಯಲ್ಲಿ. ಅದು ಗೊತ್ತಿರುವುದರಿಂದಲೇ ಅಧಿಕಾರಿಗಳು ಅಲ್ಲಿಗೆ ಹೋಗುವುದಿಲ್ಲ. ಬೇಕಾದಾಗ ಬೇಕಾದವರ ಮೇಲೆ ಬೀಸಲು ಮಾತ್ರ ಕಾನೂನು ಕೈಯಲ್ಲಿರುತ್ತದೆ.

ಹಾಗಂತ ಗ್ಯಾರೇಜಿನಲ್ಲಿ ಮಾಡಿಸಿದ್ದೆಲ್ಲ ಸರಿ ಎಂದು ನಾನು ಹೇಳುತ್ತಿಲ್ಲ. ಮೂಡಿಗೆರೆ ಕಡೆಯ ಒಂದು ಗ್ಯಾರೇಜಿನಲ್ಲಿ ಹೋದ ವರ್ಷ ಕಂಡದ್ದು: ಬೆಂಗಳೂರಿನ ಹುಡುಗನೊಬ್ಬ ಹಳೇ ಜಿಪ್ಸಿ ತಂದಿದ್ದ. 1985ರಲ್ಲಿ ಬಂದು, ಸುಮಾರು ಮೂವತ್ತಮೂರು ವರ್ಷ ಮಾರಾಟವಾಗಿ ನಿಂತುಹೋದ ಗಾಡಿ. ಬೇಕೆಂದವರಿಗೆ ಈಗ ಸೆಕೆಂಡ್ ಹ್ಯಾಂಡೇ ಗತಿ. ಮೂರಿಂಚು ಲಿಫ್ಟ್, 31 ಇಂಚಿನ ಮಡ್ ಟೈರು, ಮೇಲೆ ಮಡಚುವ ಟೆಂಟು, ಮುಂದೆ ಎಲ್‌ಇಡಿ ಬಾರು ಎಂದು ಪಟ್ಟಿ ಓದಿದ. ಮೇಸ್ತ್ರಿ ಗಾಡಿಯ ಕೆಳಗೆ ಮಲಗಿ, ಸ್ಕ್ರೂಡ್ರೈವರಿನಿಂದ ಚಾಸಿಗೆ ನಾಲ್ಕು ಕಡೆ ಕುಟ್ಟಿದರು. ಹಿಂದಿನ ಶ್ಯಾಕಲ್ ಕೂರುವಲ್ಲಿ ಸ್ಕ್ರೂಡ್ರೈವರು ತುಕ್ಕಿನೊಳಗೆ ಹೊಕ್ಕು ಆಚೆ ಬಂತು.

“ಟೆಂಟು ಆಮೇಲೆ ನೋಡುವ ಮಾರಾಯ್ರೆ. ಮೊದ್ಲು ಇದು ತುಂಡಾಗದ ಹಂಗೆ ಮಾಡ್ಬೇಕು.”

“ಅಣ್ಣಾ, ಬರೋ ಶನಿವಾರ ಟ್ರಿಪ್ ಇದೆ...”

“ಶನಿವಾರ ಹೋಗ್ಬೌದು. ಭಾನುವಾರ ವಾಪಸ್ ಬರೂದ್ರ ಗ್ಯಾರಂಟಿ ನಂಗಿಲ್ಲ.”

ಆ ಮೇಸ್ತ್ರಿಗೆ ಗೊತ್ತಿದ್ದದ್ದನ್ನೇ ನಿಯಮವಾಗಿ ಬರೆಯಲು ಏನು ಕಷ್ಟ? ಜಿಪ್ಸಿಗೆ ಕಂಪನಿ ಕೊಟ್ಟ 205/70 ಆರ್15 ಟೈರಿನ ಎತ್ತರ ಸುಮಾರು 26 ಇಂಚು. ಅಲ್ಲಿ 31 ಇಂಚಿನದು ಕೂರಿಸಿದರೆ ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ ಹತ್ತಿರ ಹತ್ತಿರ 70ರಲ್ಲಿ ಓಡುತ್ತಿರುತ್ತದೆ, ನಿಲ್ಲಿಸಬೇಕಾದ ಬ್ರೇಕು ಮಾತ್ರ ಹಳೆಯದೇ. ಲಿಫ್ಟ್ ಮಾಡಿಸಿದವರಲ್ಲಿ ಅನೇಕರು ಬ್ರೇಕಿನ ಹೋಸು ಉದ್ದದ್ದು ಹಾಕಿಸಿರುವುದಿಲ್ಲ. ಗುಂಡಿಯಲ್ಲಿ ಒಂದು ಚಕ್ರ ಪೂರ್ತಿ ಕೆಳಗಿಳಿದಾಗ ಅದು ಸೆಟೆದು ನಿಲ್ಲುತ್ತದೆ, ಒಂದು ದಿನ ಕೀಳುತ್ತದೆ. ಪ್ರೊಪೆಲ್ಲರ್ ಶಾಫ್ಟಿನ ಓರೆ ಹೆಚ್ಚಿ ಕ್ರಾಸು ಬೇಗ ಸವೆಯುತ್ತದೆ. ಅಷ್ಟು ಎತ್ತರಿಸಿದ ಗಾಡಿಯ ತಲೆಯ ಮೇಲೆ ಅರ್ಧ ಕ್ವಿಂಟಲಿನ ಟೆಂಟು ಹೊರಿಸಿ ಚಾರ್ಮಾಡಿಯ ತಿರುವು ಇಳಿಯುವವರನ್ನು ಕಂಡರೆ ನನಗೆ ಅವರಿಗಿಂತ ಎದುರಿನ ಬಸ್ಸಿನವರ ಚಿಂತೆ. ಎಲ್‌ಇಡಿ ಬಾರಿನ ಬಗ್ಗೆ ಹೇಳುವುದೇ ಬೇಡ. ಕಣ್ಣು ಕುಕ್ಕುವ ದೀಪಗಳ ವಿರುದ್ಧ 2024ರಲ್ಲಿ ರಾಜ್ಯದ ಪೊಲೀಸರು ಕೇಸು ಹಾಕಲು ಹೊರಟಾಗ ಘಟ್ಟದ ರಸ್ತೆಯಲ್ಲಿ ರಾತ್ರಿ ಓಡಾಡುವ ಯಾರೂ ಬೇಸರ ಪಟ್ಟಿರಲಾರರು.

ಇನ್ನೊಂದು ಕಡೆ, ಕೆಸರಿನಲ್ಲಿ ನಿಜವಾಗಿ ಉಪಯೋಗಕ್ಕೆ ಬರುವ ಬದಲಾವಣೆಗಳಲ್ಲಿ ಬಹುಪಾಲು ಕಣ್ಣಿಗೇ ಕಾಣುವುದಿಲ್ಲ. ಪಿನ್ನು ಬುಷ್ಷು ಹೊಸದು, ಸ್ಟೀರಿಂಗಿನ ಎಂಡುಗಳು ಹೊಸದು, ಆಕ್ಸಲಿನ ಆಯಿಲ್ ಸೀಲು ಹೊಸದು, ಎಳೆಯಲು ಚಾಸಿಗೇ ಬೋಲ್ಟು ಹಾಕಿದ ಗಟ್ಟಿ ಕೊಕ್ಕೆ. ಟೈರಿನ ಗಾಳಿಯನ್ನು ಮೂವತ್ತರಿಂದ ಹದಿನೆಂಟಕ್ಕೆ ಇಳಿಸಿದರೆ ಸಿಗುವ ಹಿಡಿತ ಐವತ್ತು ಸಾವಿರದ ಸಾಮಾನಿನಿಂದಲೂ ಸಿಗುವುದು ಕಷ್ಟ. ಅದಕ್ಕೆ ಖರ್ಚೂ ಇಲ್ಲ, ಸೆಕ್ಷನ್ನೂ ಇಲ್ಲ. ಆದರೆ ಗಾಳಿ ಬಿಟ್ಟದ್ದನ್ನು ಫೋಟೊ ತೆಗೆದು ಹಾಕಿದರೆ ಯಾರು ಲೈಕ್ ಕೊಡುತ್ತಾರೆ?

ಜರ್ಮನಿಯಲ್ಲಿ ಪರಿಣತ ತಪಾಸಣಾ ಸಂಸ್ಥೆ ಗಾಡಿ ನೋಡಿ ಒಪ್ಪಿದರೆ ಬದಲಾವಣೆ ಕಾಗದದಲ್ಲಿ ದಾಖಲಾಗುತ್ತದೆ. ಆಸ್ಟ್ರೇಲಿಯಾದಲ್ಲಿ ಒಂದು ಮಿತಿಯವರೆಗೆ ಎತ್ತರಿಸಲು ಯಾರನ್ನೂ ಕೇಳಬೇಕಿಲ್ಲ, ಅದರಾಚೆಗೆ ಅಧಿಕೃತ ಇಂಜಿನಿಯರಿನ ಪ್ರಮಾಣಪತ್ರ ಬೇಕು. ನಮ್ಮಲ್ಲಿ ವಾಹನ ಪರೀಕ್ಷಿಸುವ ಪುಣೆಯ ಎಆರ್‌ಎಐಯಂಥ ಸಂಸ್ಥೆ ಇದೆ, ಊರೂರಿಗೆ ಇಂಜಿನಿಯರಿಂಗ್ ಕಾಲೇಜುಗಳಿವೆ. ತಪಾಸಣೆ ಎಂದರೆ ಲಂಚದ ಇನ್ನೊಂದು ಮೇಜು ಅಲ್ಲವೇ ಎಂದು ಕೇಳುವವರಿದ್ದಾರೆ. ಇರಬಹುದು. ಈಗ ರಸ್ತೆ ಬದಿಯಲ್ಲಿ ರಸೀದಿ ಇಲ್ಲದೆ ಕೈ ಬದಲಾಗುವ ಹಣಕ್ಕಿಂತ, ಬ್ರೇಕು ನೋಡಿ ಸಹಿ ಹಾಕಿದ ಇಂಜಿನಿಯರಿನ ಹೆಸರು ಕಾಗದದಲ್ಲಿರುವುದು ಮೇಲು.

ಈಗ ಹಳ್ಳಕ್ಕೆ ಬರೋಣ. ಜೀಪಿನ ಕ್ಲಬ್ಬಿನವರು ನನ್ನ ಮೇಲೆ ಮುನಿಯುವುದು ಇಲ್ಲಿ.

ಚಾರ್ಮಾಡಿ ಘಾಟಿ ಹತ್ತಿದವರೆಲ್ಲ ನೀರು ದೋಸೆಗೆ ನಿಲ್ಲುವ ಕೊಟ್ಟಿಗೆಹಾರದ ಹೆಸರಿನಲ್ಲಿ ಒಂದು ಕಪ್ಪೆಯಿದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಪ್ರಾಣಿಶಾಸ್ತ್ರಜ್ಞ ಸಿ.ಆರ್. ನಾರಾಯಣ ರಾವ್ 1937ರಲ್ಲಿ ಅದನ್ನು ಲೋಕಕ್ಕೆ ಪರಿಚಯಿಸಿದರು. ಹೆಬ್ಬೆರಳಿನ ತುದಿಯಷ್ಟು ದೊಡ್ಡದು. ನೀರಿನ ಸದ್ದಿನಲ್ಲಿ ಕೂಗು ಕೇಳಿಸದೆಂದೋ ಏನೋ, ಗಂಡು ಬಂಡೆಯ ಮೇಲೆ ಕೂತು ಹಿಂಗಾಲನ್ನು ಚಾಚಿ, ಜಾಲಪಾದ ಬಿಡಿಸಿ ತೋರಿಸಿ ಎದುರಾಳಿಗೆ ಎಚ್ಚರಿಕೆ ಕೊಡುತ್ತದೆ. ಹಾಗಾಗಿ ಕುಣಿಯುವ ಕಪ್ಪೆ ಎಂದು ಹೆಸರು. ನಾವು ಗಮನಿಸಬೇಕಾದದ್ದು ಹೆಣ್ಣಿನ ಕೆಲಸವನ್ನು. ಮಳೆ ಇಳಿದು ಹಳ್ಳದ ನೀರು ತಿಳಿಯಾದ ಮೇಲೆ ಅದು ಹಳ್ಳದ ತಳದ ಜಲ್ಲಿಯನ್ನು ಹಿಂಗಾಲಿನಿಂದ ತೋಡಿ, ಅಲ್ಲಿ ಮೊಟ್ಟೆಯಿಟ್ಟು, ಮತ್ತೆ ಜಲ್ಲಿ ಮುಚ್ಚುತ್ತದೆ. ಮೇಲೆ ನಿಂತು ನೋಡಿದರೆ ಬರೀ ಕಲ್ಲು, ನೀರು. ಇದೇ ತಿಂಗಳುಗಳಲ್ಲಿ, ದಸರೆಯಿಂದ ಕ್ರಿಸ್‌ಮಸ್‌ವರೆಗೆ, ರಜೆಗಳೂ ಜೀಪಿನ ಮೋಜುಗಳೂ ಏರುತ್ತವೆ. ಜೀಪಿಗೆ ಬೇಕಾದದ್ದೂ ಅದೇ ಜಾಗ: ನೀರು ತೆಳ್ಳಗೆ, ಅಡಿಯಲ್ಲಿ ಜಲ್ಲಿ ಗಟ್ಟಿ. ಎರಡು ಟನ್ನಿನ ಗಾಡಿಗಳು ಒಂದರ ಹಿಂದೆ ಒಂದರಂತೆ ಹೋದ ಮೇಲೆ ಆ ಜಲ್ಲಿಯೊಳಗೆ ಏನು ಉಳಿದೀತು? ಈ ಕಪ್ಪೆ ಅಪಾಯದಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಯಲ್ಲಿದೆ.

ಕಪ್ಪೆಯ ಮಾತು ಬಿಟ್ಟರೂ ಮನುಷ್ಯರಿದ್ದಾರೆ. ಮಲೆನಾಡಿನ ಎಷ್ಟೋ ಮನೆಗಳಿಗೆ ಇವತ್ತಿಗೂ ನೀರು ಬರುವುದು ಗುಡ್ಡದ ಮೇಲಿನ ಹಳ್ಳದಿಂದ ಎಳೆದ ಕಪ್ಪು ಪೈಪಿನಲ್ಲಿ. ಮೇಲೆ ಜೀಪು ಹೊಕ್ಕ ದಿನ ಕೆಳಗಿನ ಮನೆಯ ಹಂಡೆಗೆ ಕೆಸರು, ಕೆಲವೊಮ್ಮೆ ಮೇಲೆ ತೇಲುವ ಬಣ್ಣಬಣ್ಣದ ಎಣ್ಣೆ.

ಅಭಯಾರಣ್ಯದೊಳಗೆ ಹೋದರೆ 1972ರ ವನ್ಯಜೀವಿ ಕಾಯ್ದೆ, ಮೀಸಲು ಅರಣ್ಯಕ್ಕೆ ಹೋದರೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಅಡ್ಡ ಬರುತ್ತದೆ. ಅದು ಗೊತ್ತಿರುವ ಸಂಘಟಕರು ಈಗ ಕಾಡಿಗೆ ಹೋಗುವುದಿಲ್ಲ, ಖಾಸಗಿ ತೋಟಕ್ಕೆ ಹೋಗುತ್ತಾರೆ. ಗಾಡಿಗಿಷ್ಟು ಎಂದು ಶುಲ್ಕ, ಮಧ್ಯಾಹ್ನ ಕೋಳಿ ಸಾರು, ಟೀ ಶರ್ಟು. ಕೇಳಿದರೆ ‘ನಮ್ಮ ತೋಟ, ನಮ್ಮ ಇಷ್ಟ’ ಎಂಬ ಉತ್ತರ. ತೋಟ ನಿಮ್ಮದು, ಸ್ವಾಮಿ. ಹಳ್ಳ ನಿಮ್ಮದಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಸೆಕ್ಷನ್ ಓದಿ: ನದಿ, ತೊರೆ, ಹಳ್ಳ, ಕೆರೆಗಳ ಪಾತ್ರ ಸರ್ಕಾರದ ಆಸ್ತಿ. ಅದರೊಳಗೆ ಇಪ್ಪತ್ತು ಜೀಪು ಓಡಿಸಿ ದುಡ್ಡು ಎಣಿಸುವುದು ಸರ್ಕಾರಿ ಆಸ್ತಿಯನ್ನು ಬಾಡಿಗೆಗೆ ಕೊಟ್ಟಂತೆ. ಇದನ್ನು ತಡೆಯಲು ಹೊಸ ಕಾಯ್ದೆ ಬೇಕಿಲ್ಲ, ದೆಹಲಿಯನ್ನು ಕಾಯಬೇಕಿಲ್ಲ. ತಾಲ್ಲೂಕು ಕಚೇರಿಯಿಂದ ಒಂದು ನೋಟಿಸು ಸಾಕು. ಆ ನೋಟಿಸು ಹೊರಡದಿರಲು ಕಾರಣ ಸರಳ: ತೋಟದ ಧಣಿಗಳ ಗೇಟಿನಲ್ಲಿ ನಿಲ್ಲುವುದಕ್ಕಿಂತ ಹೆದ್ದಾರಿಯಲ್ಲಿ ಹುಡುಗರನ್ನು ನಿಲ್ಲಿಸುವುದು ಸಲೀಸು.

‘ಹಾಗಾದರೆ ಎಲ್ಲಿ ಓಡಿಸೋಣ’ ಎಂಬ ಪ್ರಶ್ನೆ ನ್ಯಾಯವಾದದ್ದೇ. ಗಣಿಗಾರಿಕೆ ಮುಗಿದು ಪಾಳುಬಿದ್ದ ಕಲ್ಲು ಕ್ವಾರಿಗಳು ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೇಕಾದಷ್ಟಿವೆ. ಬೆಂಗಳೂರಿನಿಂದ ಬರುವವರಿಗೆ ಅವು ಮಲೆನಾಡಿಗಿಂತ ಹತ್ತಿರ. ಏರು, ಇಳಿಜಾರು, ಬಂಡೆ, ಮಳೆ ಬಂದರೆ ಕೆಸರು, ಎಲ್ಲವೂ ಅಲ್ಲಿದೆ. ಪ್ರವಾಸೋದ್ಯಮ ಇಲಾಖೆ ಅಂಥ ಎರಡು ಕ್ವಾರಿಗಳಿಗೆ ಬೇಲಿ ಹಾಕಿ, ಟೆಂಟಿಗೆ ಜಾಗ ಮಾಡಿ, ಶೌಚಾಲಯ ಕಟ್ಟಿಸಿ ಟಿಕೆಟ್ ಇಟ್ಟರೆ ನಾನೇ ಮೊದಲ ಸಾಲಿನಲ್ಲಿ ನಿಲ್ಲುತ್ತೇನೆ. ಹಳ್ಳವಿಲ್ಲದೆ ಮಜವಿಲ್ಲ ಎನ್ನುವವರಿಗೆ ಬೇಕಾದದ್ದು ಜೀಪು ಓಡಿಸುವ ಕಸುಬಲ್ಲ, ನೀರು ಎಗರುವ ವಿಡಿಯೊ. ಅವರಿಗಾಗಿ ನಾವು ಯಾರೂ ವಾದ ಮಾಡುವ ಅಗತ್ಯ ಕಾಣೆ.

ಸಾರಿಗೆ ಇಲಾಖೆಯ ನಿಯಮ ಬರುವಾಗ ಬರಲಿ. ಹಳ್ಳದ ಕೆಲಸ ಈ ವರ್ಷವೇ ಆಗಬಹುದು. ವಿಡಿಯೊ ಹಾಕುವವರು ಜಾಗದ ಹೆಸರನ್ನೂ ಹೆಮ್ಮೆಯಿಂದ ಬರೆದಿರುತ್ತಾರೆ, ನಂಬರ್ ಪ್ಲೇಟೂ ಚೆನ್ನಾಗಿಯೇ ಕಾಣುತ್ತದೆ. ಸಾಕ್ಷಿ ಹುಡುಕಿ ಅಲೆಯಬೇಕಿಲ್ಲ. ಎಲ್ಲಿಂದ ಶುರು ಮಾಡುವುದೆಂದು ಚಿಕ್ಕಮಗಳೂರಿನ ಜಿಲ್ಲಾಧಿಕಾರಿ ಕೇಳಿದರೆ ಮೂಡಿಗೆರೆ ತಾಲ್ಲೂಕಿನಿಂದ ಎನ್ನುತ್ತೇನೆ, ಅದೂ ದಸರಾ ರಜೆಗೆ ಮುಂಚೆ, ತೋಟದ ಮಾಲೀಕರಿಗೂ ಸಂಘಟಕರಿಗೂ ಒಂದೇ ದಿನ ತಲುಪುವಂತೆ.