ಕೆಮ್ಮು, ಎದೆನೋವು ಮತ್ತು ಮುಚ್ಚುಮರೆ

ಚಳಿಗಾಲದ ಬೆಳಗಿನ ಜಾವದಲ್ಲಿ ಬೊರಿವಲಿಯ ನಮ್ಮ ಹೋಟೆಲುಗಳ ಹಿಂಬಾಗಿಲಿನಿಂದ ಪಾತ್ರೆಗಳ ಸದ್ದಿನೊಡನೆ ಕೆಮ್ಮಿನ ಸದ್ದೂ ಕೇಳಿಬರುತ್ತದೆ. ಒಲೆ ಹೊತ್ತಿಸುವವರು ಕೆಮ್ಮುತ್ತಾರೆ. ಮೋರಿಯ ಬಳಿ ಲೋಟ ತೊಳೆಯುವವರು ಕೆಮ್ಮುತ್ತಾರೆ. ಚರ್ಚ್‌ಗೇಟಿನ ಲೋಕಲ್ ಹಿಡಿಯಲು ಧಾವಿಸುವ ಗುಮಾಸ್ತ ಬಂಧುಗಳೂ ಕೆಮ್ಮುತ್ತಾರೆ. ಕೆಲವು ದಿನ ಕಳೆದ ಮೇಲೆ ಅವರಲ್ಲೊಬ್ಬರು ಪಕ್ಕೆಯನ್ನು ಒತ್ತಿ ಹಿಡಿದು ‘ಎದೆ ನೋಯುತ್ತದೆ’ ಎನ್ನುತ್ತಾರೆ. ಔಷಧದ ಅಂಗಡಿಯಿಂದ ಒಂದು ಬಾಟಲಿ ಬರುತ್ತದೆ. ಅಲ್ಲಿಗೆ ವಿಚಾರ ಮುಗಿಯಿತೆಂದು ಎಲ್ಲರೂ ಭಾವಿಸುತ್ತಾರೆ. ಅಲ್ಲಿಗೆ ಮುಗಿಯಬಾರದೆಂಬುದೇ ನಮ್ಮ ಇಂದಿನ ಬಿನ್ನಹ.

ಮೊದಲು ನೋವಿನ ಮಾತು. ಕೆಮ್ಮುವಾಗ ಪಕ್ಕೆಲುಬುಗಳ ನಡುವಿನ ಸ್ನಾಯುಗಳೂ, ಹೊಟ್ಟೆಯ ಸ್ನಾಯುಗಳೂ ಒಮ್ಮೆಲೇ ಬಿಗಿದು ಶ್ವಾಸಕೋಶದ ಗಾಳಿಯನ್ನು ರಭಸದಿಂದ ಹೊರದೂಡುತ್ತವೆ. ದಿನಕ್ಕೆ ನೂರಾರು ಸಲ ಹೀಗಾದರೆ ಅಕ್ಕಿಯ ಮೂಟೆ ಹೊತ್ತ ಬೆನ್ನು ನೋಯುವಂತೆ ಎದೆಯೂ ನೋಯುತ್ತದೆ. ಕೆಮ್ಮಿದಾಗ, ಹೊರಳಿದಾಗ, ಬೆರಳಿನಿಂದ ಒತ್ತಿದಾಗ ಒಂದೇ ಜಾಗದಲ್ಲಿ ನೋವು ಹೆಚ್ಚುವುದಾದರೆ ಅದು ಬಹುಮಟ್ಟಿಗೆ ಸ್ನಾಯುಗಳ ಅಥವಾ ಪಕ್ಕೆಲುಬಿನ ಮೃದ್ವಸ್ಥಿಯ ನೋವು. ಬಲವಾದ ಕೆಮ್ಮಿನಿಂದ ಪಕ್ಕೆಲುಬು ಸೀಳು ಬಿಡುವುದೂ ಉಂಟು. ಶ್ವಾಸಕೋಶದ ಹೊದಿಕೆಗೆ ಉರಿಯೂತ ತಗಲಿದರೆ, ದೀರ್ಘವಾಗಿ ಉಸಿರೆಳೆದಾಗ ಚುಚ್ಚಿದಂತಾಗುತ್ತದೆ. ಇದನ್ನು ವೈದ್ಯರೇ ನೋಡಬೇಕು.

ಸ್ನಾಯುಗಳ ನೋವಿಗೆ ಉಪಶಮನ ಕಷ್ಟಸಾಧ್ಯವಲ್ಲ. ಕೆಮ್ಮು ಬಂದಾಗ ದಿಂಬನ್ನೋ ಮಡಿಸಿದ ಕಂಬಳಿಯನ್ನೋ ಎದೆಗೆ ಅವಚಿ ಹಿಡಿಯಬೇಕು; ಎಳೆತ ಕಡಿಮೆಯಾಗುತ್ತದೆ. ಬಿಸಿನೀರಿನ ಶಾಖ, ಉಪ್ಪುನೀರಿನ ಮುಕ್ಕಳಿಕೆ, ಬೆಚ್ಚಗಿನ ನೀರಿನಲ್ಲಿ ಜೇನು, ತಲೆಯನ್ನು ಎತ್ತರಿಸಿಕೊಂಡು ಮಲಗುವುದು ಇವೆಲ್ಲವೂ ಹಿತವನ್ನುಂಟುಮಾಡುತ್ತವೆ. ನೋವು ಹೆಚ್ಚಾದರೆ ತಕ್ಕ ಪ್ರಮಾಣದಲ್ಲಿ ಪ್ಯಾರಸಿಟಮಾಲ್ ಸೇವಿಸಬಹುದು. ಬೀಡಿ, ಸಿಗರೇಟುಗಳನ್ನು ಬಿಡದೆ ಕೆಮ್ಮು ಬಿಡಲೆಂದು ಹಾರೈಸುವುದು ವ್ಯರ್ಥ. ಆಸ್ತಮಾ, ಆಮ್ಲಪಿತ್ತ, ರಕ್ತದೊತ್ತಡದ ಕೆಲವು ಗುಳಿಗೆಗಳು ಸಹ ಒಣಕೆಮ್ಮಿಗೆ ಕಾರಣವಾಗುತ್ತವೆ. ಆದುದರಿಂದ ನಿತ್ಯ ನುಂಗುವ ಗುಳಿಗೆಗಳ ಹೆಸರನ್ನು ವೈದ್ಯರಿಗೆ ತಿಳಿಸುವುದು ಅವಶ್ಯ.

ಎದೆಯನ್ನು ಹಿಂಡುವಂತಹ ನೋವು ಎಡತೋಳಿಗೋ ದವಡೆಗೋ ಹರಡಿದರೆ, ಬೆವರಿದರೆ, ಏದುಸಿರು ಬಂದರೆ, ಕಫದಲ್ಲಿ ರಕ್ತ ಕಂಡರೆ ಮನೆಮದ್ದಿನಲ್ಲಿ ಕಾಲಹರಣ ಮಾಡಲಾಗದು. ಆ ಕ್ಷಣವೇ ಆಸ್ಪತ್ರೆಗೆ ಹೋಗತಕ್ಕದ್ದು.

ಇಷ್ಟೇ ಆಗಿದ್ದರೆ ನಾವು ಈ ಅಂಕಣವನ್ನು ಇದಕ್ಕೆ ಮೀಸಲಿಡುತ್ತಿರಲಿಲ್ಲ. ನೋವು ಶಮನವಾದರೂ ಕೆಮ್ಮು ಎರಡು ವಾರ ಮೀರಿ ನಿಂತರೆ, ಅದರೊಡನೆ ಸಂಜೆಯ ಜ್ವರ, ರಾತ್ರಿಯ ಬೆವರು, ತೂಕದ ಇಳಿತ ಸೇರಿದರಂತೂ, ಕ್ಷಯದ ಶಂಕೆಯಿಂದ ಕಫವನ್ನು ಪರೀಕ್ಷಿಸಲೇಬೇಕು. ಈ ಪಾಠವನ್ನು ಕಲಿಸಿದ್ದು ನಮ್ಮ ಕನ್ನಡ ನೆಲವೇ. ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ರೋಗಿಗಳನ್ನು ಕಂಡು ವಿಚಾರಿಸಿ, 1963ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಹಳ್ಳಿಗರು ಅಜ್ಞಾನಿಗಳು, ರೋಗವನ್ನು ಗುರುತಿಸಲಾರರು ಎಂಬ ನಂಬಿಕೆ ಅಂದು ಪ್ರಬಲವಾಗಿತ್ತು. ಆದರೆ ಕಂಡುಬಂದ ಸಂಗತಿಯೇ ಬೇರೆ. ಕಫದಲ್ಲಿ ರೋಗಾಣುಗಳಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕೆಮ್ಮಿನ ದೆಸೆಯಿಂದ ತಾವಾಗಿಯೇ ಆಸ್ಪತ್ರೆಯ ಬಾಗಿಲಿಗೆ ಹೋಗಿದ್ದರು. ಅಲ್ಲಿ ಬಹುತೇಕರ ಕೈಗೆ ಕೆಮ್ಮಿನ ಔಷಧದ ಬಾಟಲಿಯೊಂದನ್ನು ಕೊಟ್ಟು ಹಿಂದಕ್ಕೆ ಕಳುಹಿಸಲಾಗಿತ್ತು! ಆರು ದಶಕಗಳ ಮೇಲೆ, ತುಮಕೂರಿನಿಂದ ಇಷ್ಟು ದೂರದ ಈ ಮಹಾನಗರದಲ್ಲಿ, ಅದೇ ಬಾಟಲಿ ನಮ್ಮ ಬಂಧುಗಳ ದಿಂಬಿನ ಬದಿಯಲ್ಲಿರುವುದು ಖೇದದ ಸಂಗತಿ.

ಇಂದು ವೈದ್ಯರಿಗಿಂತಲೂ ಭಯವೇ ಹೆಚ್ಚಾಗಿ ಆ ಬಾಟಲಿಯನ್ನು ಕೊಡಿಸುತ್ತಿದೆ. ‘ಕ್ಷಯ’ವೆಂಬ ಮಾತು ಗಲ್ಲಾದವರೆಗೆ ಹೋದರೆ ಕೆಲಸ ಹೋದೀತು, ಅಟ್ಟದ ಮೇಲಿನ ಮಲಗುವ ಜಾಗವೂ ಹೋದೀತು, ಊರಿನಲ್ಲಿ ತಂಗಿಯ ಸಂಬಂಧ ತಪ್ಪೀತು ಎಂಬ ಅಳುಕು ಬಾಯಿ ಕಟ್ಟುತ್ತದೆ. ಹೀಗೆ ಮುಚ್ಚಿಟ್ಟ ಕೆಮ್ಮು ಗಾಳಿಯಾಡದ ಅಟ್ಟದಲ್ಲಿ ಒತ್ತೊತ್ತಾಗಿ ಮಲಗಿದ ಇನ್ನಷ್ಟು ಮಂದಿಗೆ ತಗಲುತ್ತದೆ. ಕ್ಷಯವು ತಟ್ಟೆ, ಲೋಟಗಳಿಂದ ಹರಡುವುದಿಲ್ಲ. ರೋಗಿ ಕೆಮ್ಮಿದ ಗಾಳಿಯನ್ನು ಉಸಿರಾಡುವುದರಿಂದ ಹರಡುತ್ತದೆ. ತಕ್ಕ ಔಷಧ ಆರಂಭವಾದ ಸುಮಾರು ಎರಡು ವಾರಗಳಲ್ಲಿ ಹರಡುವ ಶಕ್ತಿ ಬಹಳಷ್ಟು ಕುಗ್ಗುತ್ತದೆ. ಆದುದರಿಂದ ಔಷಧ ಸೇವಿಸುವವನಿಗಿಂತ ಮುಚ್ಚಿಡುವವನಿಂದಲೇ ಸಂಗಡಿಗರಿಗೆ ಅಪಾಯ ಹೆಚ್ಚು.

ಪರೀಕ್ಷೆಗೂ ಔಷಧಕ್ಕೂ ಮಹಾನಗರಪಾಲಿಕೆಯ ದವಾಖಾನೆಗಳಲ್ಲಿ ಹಣ ತೆರಬೇಕಾಗಿಲ್ಲ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ ಸಾಕು. ನಡುವೆ ಬಿಟ್ಟರೆ ಮಾತ್ರ ರೋಗಾಣುಗಳು ಔಷಧಕ್ಕೆ ಬಗ್ಗದಂತಾಗುವ ಭಯವಿದೆ. ಊರಿಗೆ ಹೋಗುವ ಪ್ರಸಂಗ ಬಂದರೆ ಹೆಸರನ್ನು ಅಲ್ಲಿಯ ಸರಕಾರಿ ಆಸ್ಪತ್ರೆಗೆ ವರ್ಗಾಯಿಸಿಕೊಳ್ಳಬಹುದು. ರೋಗಿಯ ಪೌಷ್ಟಿಕ ಆಹಾರಕ್ಕೆಂದು ಕೇಂದ್ರ ಸರಕಾರವು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು. 2024ರ ನವೆಂಬರಿನಿಂದ ಅದನ್ನು 1,000ಕ್ಕೆ ಏರಿಸಿದೆ. ಇ.ಎಸ್.ಐ. ವಿಮೆಗೆ ಒಳಪಟ್ಟು, ಎರಡು ವರ್ಷ ಎಡೆಬಿಡದೆ ದುಡಿದು, ವಂತಿಗೆ ಸರಿಯಾಗಿ ಸಂದವರಿಗೆ ಕ್ಷಯದಂತಹ ದೀರ್ಘ ರೋಗಗಳಲ್ಲಿ ವೇತನದ ನೂರಕ್ಕೆ 80ರಷ್ಟು ಭತ್ಯೆ ಗರಿಷ್ಠ ಎರಡು ವರ್ಷಗಳ ತನಕ ದೊರೆಯುವ ಏರ್ಪಾಡಿದೆ. ನಮ್ಮ ಎಷ್ಟು ಮಂದಿ ತಮ್ಮ ವಿಮೆಯ ಸಂಖ್ಯೆಯನ್ನು ಬಲ್ಲರು? ಎಷ್ಟು ಹೋಟೆಲುಗಳ ಪುಸ್ತಕದಲ್ಲಿ ಎಲ್ಲ ಕೆಲಸಗಾರರ ಹೆಸರುಗಳಿವೆ?

ಈ ಪ್ರಶ್ನೆಯನ್ನು ನಾವು ಧನಿಗಳ ಮುಂದಿಡುತ್ತೇವೆ. ಅವರಲ್ಲಿ ಅನೇಕರು ಒಂದು ಕಾಲದಲ್ಲಿ ಅದೇ ಮೋರಿಯ ಬಳಿ ನಿಂತು ಲೋಟ ತೊಳೆದವರು. ಅಟ್ಟದ ಸೆಕೆಯನ್ನು ಬಲ್ಲವರು. ಒಗ್ಗರಣೆಯ ಘಾಟನ್ನೂ ಹೊಗೆಯನ್ನೂ ಹೊರಗೆಳೆಯುವ ಫ್ಯಾನು, ಮಲಗುವಲ್ಲಿ ಒಂದು ಕಿಟಕಿ ಇವು ದೊಡ್ಡ ವೆಚ್ಚಗಳಲ್ಲ. ಎರಡು ವಾರ ಕೆಮ್ಮಿದವನಿಗೆ ಪರೀಕ್ಷೆಗಾಗಿ ಸಂಬಳಸಹಿತ ಒಂದು ದಿನದ ರಜೆ ಕೊಟ್ಟು, ‘ಗುಣವಾದ ಮೇಲೆ ನಿನ್ನ ಜಾಗ ನಿನಗೇ ಇದೆ’ ಎಂಬ ಒಂದು ಮಾತನ್ನು ಆಡಿದರೆ ಮುಚ್ಚುಮರೆಯ ಬೇರೇ ಕಡಿದಂತಾಗುವುದು. ಗಿರಾಕಿಗಳ ಹಿತದೃಷ್ಟಿಯಿಂದಲೂ ಇದೇ ಲಾಭದ ದಾರಿ.

ಕಾರ್ಮಿಕ ಬಂಧುಗಳಿಗೆ ನಾವು ಹೇಳುವುದಿಷ್ಟೇ: ಕೆಮ್ಮು ಹತ್ತಿದ ದಿನವನ್ನು ಗುರುತಿಟ್ಟುಕೊಳ್ಳಿರಿ. ಹದಿನಾಲ್ಕನೆಯ ದಿನವೂ ಅದು ನಿಲ್ಲದಿದ್ದರೆ ಎರಡನೆಯ ಬಾಟಲಿ ತರಿಸದೆ ದವಾಖಾನೆಯ ಮೆಟ್ಟಿಲೇರಿರಿ. ಬದಿಯ ಹಾಸಿಗೆಯವನು ಹೋಗಲು ಹಿಂಜರಿದರೆ ಜೊತೆಗೆ ನೀವೂ ಹೋಗಿರಿ. ಪರವೂರಿನಲ್ಲಿ ಒಬ್ಬರಿಗೊಬ್ಬರು ಬಂಧುಗಳೆಂಬ ಮಾತಿಗೆ ಅರ್ಥ ಬರುವುದು ಇಂತಹ ಗಳಿಗೆಯಲ್ಲಿಯೇ.